ಆಷಾಢದಲ್ಲಿ ಬಂದ ಬರಹ

ಅಕ್ಷರಕ್ಕೆ ಮೊದಲು ನಾದವಾಗಿ, ನಾದಕ್ಕೆ ಮೊದಲು ಮೌನವಾಗಿ, ಮೌನಕ್ಕೂ ಮೊದಲು ಕರುಣೆಯಾಗಿ ನಿಂತ ಪರಶಿವನಿಗೆ ಶರಣು. ಕಲ್ಲಿನಲ್ಲಿ ಮಲಗಿದ ಮಾತನ್ನು ತಟ್ಟಿ ಎಬ್ಬಿಸುವ ವಾಗ್ದೇವಿಗೆ ಶರಣು. ಹೇಳುವವನ ಅಹಂಕಾರವನ್ನು ಕಳೆದು, ಕೇಳುವವರ ಬೇಸರವನ್ನು ನೀಗಿ, ಈ ಕಥೆಯನ್ನು ದಡ ಮುಟ್ಟಿಸಲಿ.

ಕಲ್ಯಾಣದ ಮಹಾರುದ್ರಪ್ಪನವರು ಹುಮನಾಬಾದಿನ ಕಾಲೇಜೊಂದರಲ್ಲಿ ಬಹುಕಾಲ ಹಳಗನ್ನಡವನ್ನೂ ಶಾಸನಗಳನ್ನೂ ಪಾಠ ಹೇಳಿದವರು. ಬೆಳಗಿನ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುನ್ನವೇ ಬಸ್ಸು ಹಿಡಿಯುವರು. ಕಿಟಕಿಯಾಚೆ ತೊಗರಿ ಹೊಲಗಳು ಸರಿಯುತ್ತಿದ್ದರೆ ಅವರ ತುಟಿಯಲ್ಲಿ ಯಾವುದೋ ಅರಸನ ಬಿರುದಾವಳಿ ಸರಿಯುತ್ತಿತ್ತು. ಕಂಡಕ್ಟರನಿಗೆ ಚಿಲ್ಲರೆ ಕೊಡುವಾಗಲೂ ಅದು ನಿಲ್ಲುತ್ತಿರಲಿಲ್ಲ. ಬರಹವಿರುವ ಕಲ್ಲನ್ನು ಕಂಡರೆ ಚಪ್ಪಲಿ ಬಿಡುವ ಮನುಷ್ಯ ಎಂದು ವಿದ್ಯಾರ್ಥಿಗಳು ನಗುತ್ತಿದ್ದರು. ನಗುತ್ತಲೇ ತಾವೂ ಬಿಡುತ್ತಿದ್ದರು.

ಅದೇ ಕಾಲೇಜಿನ ಗ್ರಂಥಪಾಲಕ ಅಜೀಮ್. ವಯಸ್ಸಿನಲ್ಲಿ ಮಗನಷ್ಟು ಚಿಕ್ಕವನು, ಸಲಿಗೆಯಲ್ಲಿ ಓರಗೆಯವನು. ಈ ಶತಮಾನ ಆಗಷ್ಟೇ ಕಣ್ಣು ಬಿಟ್ಟಿತ್ತು. ಗ್ರಂಥಾಲಯದ ಮೂಲೆಗೆ ಒಂದು ಕಂಪ್ಯೂಟರು ಬಂದಿತ್ತು. ಟೆಲಿಫೋನಿನ ತಂತಿಯಿಂದ ಇಂಟರ್ನೆಟ್ಟಿಗೆ ಸೇರುವಾಗಲೆಲ್ಲ ಅದು ಹಸಿದ ಮರಿಯಂತೆ ಕಿರುಚುತ್ತಿತ್ತು. ಒಂದು ಮಧ್ಯಾಹ್ನ ಅಜೀಮ್ ಮಹಾರುದ್ರಪ್ಪನವರನ್ನು ಕೈಹಿಡಿದು ಕರೆತಂದು ಅದರ ಮುಂದೆ ಕೂರಿಸಿದ.

"ನೋಡ್ರಿ ಸರ, ನಮ್ಮ ಕಲ್ಯಾಣದ ಕಲ್ಲಿನ ಮ್ಯಾಲೆ ಪರದೇಶದ ಪತ್ರಿಕ್ಯಾಗ ಬರದಾರ. ನಾಲ್ಕ ಸಾಲ ತೋರಸ್ತದ, ಮುಂದ ಕದಾ ಹಾಕ್ಯದ."

"ಕದಾ ತೆರಿ ಮತ್ತ."

"ತೆರೀಲಿಕ್ಕ ಡಾಲರ್ ಕೊಡಬೇಕ್ರಿ. ನಮ್ಮ ಲೈಬ್ರರಿ ಮಾರಿದ್ರೂ ಆ ಪತ್ರಿಕಿ ಬರಂಗಿಲ್ಲ."

ಮಹಾರುದ್ರಪ್ಪನವರ ಮುಖ ಕೆಂಪಾಯಿತು. "ಕಲ್ಲು ನಮ್ಮದು, ಮಾತು ನಮ್ಮದು. ಓದಲಿಕ್ಕ ಮಂದಿ ಬಾಗಲಾ ಕಾಯಬೇಕೇನು?"

"ಬ್ಯಾರೆ ಹಾದಿನೂ ಅದ್ರಿ," ಎಂದ ಅಜೀಮ್. "ಭೌತವಿಜ್ಞಾನದ ಮಂದಿ ತಾವು ಬರದದ್ದು ಅಚ್ಚಾಗೋದರೊಳಗೇ ಇಂಟರ್ನೆಟ್‌ನ್ಯಾಗ ಇಟ್ಟಬಿಡ್ತಾರ. ಯಾರು ಬೇಕಾದ್ರೂ ಓದಬಹುದು. ಹಿಂಗ ನಡಿಯೋ ಪತ್ರಿಕಿಗೋಳೂ ಶುರು ಆಗ್ಯಾವ. ಅಲ್ಲೂ ಪಂಡಿತರು ತಿದ್ದತಾರ, ಒಪ್ಪತಾರ. ಆದ್ರ ಓದಾವರೂ ರೊಕ್ಕ ಕೊಡಂಗಿಲ್ಲ, ಬರಿಯಾವರೂ ಕೊಡಂಗಿಲ್ಲ. ಎಲ್ಲಾ ಮುಫತ್."

"ಮುಫತ್ ಅನ್ನಬ್ಯಾಡೋ. ನಮ್ಮಲ್ಲಿ ಅದಕ್ಕ ದಾಸೋಹ ಅಂತಾರ."

ಅಂದು ಹುಟ್ಟಿದ ಮಾತು ಮೂರು ತಿಂಗಳಲ್ಲಿ ಪತ್ರಿಕೆಯಾಯಿತು. 'ಶಿಲಾಪ್ರಸಾದ' ಎಂದು ಮಹಾರುದ್ರಪ್ಪನವರೇ ಹೆಸರಿಟ್ಟರು. ಬಂದ ಲೇಖನಗಳನ್ನು ಇಬ್ಬರು ವಿದ್ವಾಂಸರಿಗೆ ಕಳಿಸಿ, ಅವರ ಆಕ್ಷೇಪಗಳನ್ನು ಲೇಖಕರಿಗೆ ಮುಟ್ಟಿಸಿ, ತಿದ್ದಿಸಿ, ಒಪ್ಪಿದ ಮೇಲೆ ಪ್ರಕಟಿಸುವುದು ಅವರ ಪಾಲಿನ ಕೆಲಸ. ಉಳಿದದ್ದು ಅಜೀಮನದು. ಅದೇನು ಸುಲಭವೇ? ಆಗ ಒಂದೊಂದು ಕಂಪ್ಯೂಟರಿನ ಕನ್ನಡ ಒಂದೊಂದು ಬಗೆ. ಇಲ್ಲಿ ಬರೆದ ಶಿವನಾಮ ಸೊಲ್ಲಾಪುರದಲ್ಲಿ ತೆರೆದರೆ ಪ್ರಶ್ನೆಗುರುತುಗಳ ಸಾಲಾಗುತ್ತಿತ್ತು. ಅಜೀಮ್ ಪ್ರತಿ ಪುಟವನ್ನೂ ಚಿತ್ರವಾಗಿಸಿ ಏರಿಸುತ್ತಿದ್ದ. ಅರ್ಧ ಏರಿದಾಗ ಕರೆಂಟು ಹೋಗುತ್ತಿತ್ತು. ಅವನು ಹಣೆ ಚಚ್ಚಿಕೊಂಡು ಮತ್ತೆ ಮೊದಲಿನಿಂದ ತೊಡಗುತ್ತಿದ್ದ. ಆದರೂ ಒಂದು ದಿನ ಜಪಾನಿನ ವಿದ್ವಾಂಸರೊಬ್ಬರು ಓದಿ ಮೆಚ್ಚಿ ಬರೆದಾಗ ಇಬ್ಬರೂ ಕಾಲೇಜಿನ ಎದುರಿನ ಹೋಟೆಲಿನಲ್ಲಿ ಎಲ್ಲರಿಗೂ ಭಜಿ ಕೊಡಿಸಿದರು.

ಆ ಕೆಲಸಕ್ಕೆ ಮಹಾರುದ್ರಪ್ಪನವರು ತಮ್ಮದೊಂದು ನೇಮವನ್ನು ಕಟ್ಟಿದ್ದರು. ಅರ್ಪಿಸದೆ ಉಣ್ಣಲಾಗದು ಎಂಬ ಮನೆತನದಲ್ಲಿ ಬೆಳೆದವರು ಅವರು. ಅವರ ತಂದೆ ಹೊಸ ಪುಸ್ತಕವನ್ನು ಬರೆದರೆ ಅದರ ಮೊದಲ ಪ್ರತಿಯನ್ನು ಕೆರೆಯಂಚಿನ ಮಠದ ಗದ್ದುಗೆಯ ಮೇಲಿಟ್ಟು, ಪತ್ರೆ ಏರಿಸಿ, ಆಮೇಲಷ್ಟೇ ಮತ್ತೊಬ್ಬರ ಕೈಗೆ ಕೊಡುತ್ತಿದ್ದರು. ಇಂಟರ್ನೆಟ್ಟಿನ ಬರಹಕ್ಕೆ ಮೊದಲ ಪ್ರತಿ ಎಂಬುದೇ ಇಲ್ಲ. ಏರಿತೆಂದರೆ ಎಲ್ಲರ ಪ್ರತಿಯೂ ಮೊದಲನೆಯದೇ, ಎಲ್ಲರದೂ ಕೊನೆಯದೇ. ಮಹಾರುದ್ರಪ್ಪನವರು ಇದಕ್ಕೂ ಉಪಾಯ ಹುಡುಕಿದರು. ಪ್ರತಿ ಲೇಖನವನ್ನೂ ಕಾಗದಕ್ಕೆ ಇಳಿಸಬೇಕು. ಸೋಮವಾರ ಸಂಜೆ ಮಠದ ಅಯ್ಯನವರ ಕೈಯಿಂದ ಗದ್ದುಗೆಗೆ ಅರ್ಪಿಸಬೇಕು. ಮಂಗಳವಾರ ಅಜೀಮ್ ಅದನ್ನು ಲೋಕಕ್ಕೆ ಬಿಡಬೇಕು. ಲೇಖನದ ತಲೆಯ ಮೇಲೆ ಇರುವುದು ಆ ಬಿಡುಗಡೆಯ ದಿನವೊಂದೇ.

"ಸರ, ನಮ್ಮ ದರ್ಗಾಕ್ಕೂ ಒಂದ ಕಾಪಿ ಇಡೋಣೇನ್ರಿ? ಬರ್ಕತ್ ಡಬಲ್ ಆಗ್ತದ," ಎಂದು ಅಜೀಮ್ ಚೇಷ್ಟೆ ಮಾಡುತ್ತಿದ್ದ.

"ಇಡಪ್ಪಾ, ಬ್ಯಾಡ ಅಂದಾವರು ಯಾರು? ಆದ್ರ ಮೊದಲನೇದು ಗದ್ದಿಗಿದು."

ಮೊದಲ ಸಂಚಿಕೆಗಳಲ್ಲಿ ಈ ನೇಮದಿಂದ ಯಾರಿಗೂ ಕೇಡಾಗಲಿಲ್ಲ.

ಆ ವರ್ಷದ ಆಷಾಢದಲ್ಲಿ ದೀಪಾಲಿಯ ಲೇಖನ ಬಂದಿತು. ಘಾಟಬೋರಾಳದ ಕುರಿಗಾರ ಪಂಡರಿಯ ಮಗಳು ದೀಪಾಲಿ. ಹುಮನಾಬಾದಿನಲ್ಲಿ ಮಹಾರುದ್ರಪ್ಪನವರ ಕೈಯಲ್ಲೇ ಕಲಿತು, ಮುಂದೆ ಎಂ.ಎ. ಮುಗಿಸಿ ಬಂದವಳು. ಅವರ ಕುರಿಹಟ್ಟಿಯಲ್ಲಿ ಒಂದು ಚಪ್ಪಟೆ ಕಲ್ಲು ಒರಗಿತ್ತು. ಅಜ್ಜನ ಕಾಲದಿಂದಲೂ ಅದರ ಮೇಲೆ ಉಪ್ಪು ಸುರಿಯುವುದು, ಕುರಿಗಳು ನೆಕ್ಕುವುದು. ಮಗುವಾಗಿದ್ದಾಗ ಆ ಕಲ್ಲಿನ ಗೀರುಗಳಲ್ಲಿ ಉಳಿದ ಉಪ್ಪನ್ನು ಬೆರಳಿನಿಂದ ತೆಗೆದು ತಿಂದವಳಿಗೆ, ಮಹಾರುದ್ರಪ್ಪನವರ ಪಾಠ ಕೇಳಿದ ಮೇಲೆ ಆ ಗೀರುಗಳು ಅಕ್ಷರಗಳೆಂದು ಹೊಳೆದಿತ್ತು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಮಸಿ ತಟ್ಟಿ ಪಡಿಯಚ್ಚು ತೆಗೆದಳು. ಕುರಿನಾಲಿಗೆಗಳು ಸವೆಸಿದ ಸಾಲುಗಳನ್ನು ಒಂದು ವರ್ಷ ಕುಳಿತು ಬಿಡಿಸಿದಳು. ಕುರಿಗಾರರ ಹೆಣ್ಣೊಬ್ಬಳು ಹಿಂದೆಂದೋ ದಾರಿಹೋಕರ ಅನ್ನಕ್ಕೆಂದು ತನ್ನ ಹಿಂಡಿನ ಪಾಲನ್ನು ಬಿಟ್ಟುಕೊಟ್ಟ ದತ್ತಿಯ ಶಾಸನ ಅದು.

ಲೇಖನವನ್ನು ಓದಿ ಮಹಾರುದ್ರಪ್ಪನವರು ಎದ್ದು ನಿಂತುಬಿಟ್ಟರು. ಪರಿಶೀಲಿಸಿದ ಇಬ್ಬರು ವಿದ್ವಾಂಸರೂ ತಿದ್ದಲು ಏನೂ ಇಲ್ಲವೆಂದು ಬರೆದರು.

"ಇವತ್ತೇ ಏರಸಿಬಿಡಲೇನ್ರಿ?" ಎಂದ ಅಜೀಮ್.

"ಆಷಾಢದಾಗೇನೋ? ಅಯ್ಯನವರೂ ಊರಾಗಿಲ್ಲ, ಪ್ರವಚನಕ್ಕ ಲಾತೂರಿಗಿ ಹೋಗ್ಯಾರ. ಇದು ಸಣ್ಣ ಬರಹ ಅಲ್ಲ. ಶ್ರಾವಣದ ಮೊದಲ ಸೋಮವಾರ ಅರ್ಪಿಸಿ ಬಿಡೋಣ."

"ಸರ, ಇಂಟರ್ನೆಟ್ಟಿಗಿ ಆಷಾಢ ಇಲ್ರಿ."

"ನಮಗ ಅದ ಅಲ್ಲೋ."

ದೀಪಾಲಿ ಮೇಜಿನ ಅಂಚು ಹಿಡಿದು ನಿಂತಿದ್ದಳು. "ಸರ, ಶ್ರಾವಣದಾಗ ವಿಶ್ವವಿದ್ಯಾಲಯದಾಗ ನನ್ನ ಪಿಎಚ್.ಡಿ. ಸಂದರ್ಶನ ಅದ. ತೋರಸಲಿಕ್ಕ ನನ್ನಲ್ಲಿ ಇದ ಒಂದ ಅದ. ಜಲ್ದಿ ಆದ್ರ ಚಲೋ ಆಗ್ತದ್ರಿ."

"ಫಿಕರ್ ಮಾಡಬ್ಯಾಡ ಮಗಳ. ಸಂದರ್ಶನಕ್ಕಿಂತ ಮೊದಲ ಬರ್ತದ. ನಿನ್ನ ಬರಹ ಖಾಲಿ ಕೈಯಿಂದ ಲೋಕಕ್ಕ ಹೋಗಬಾರದು, ಪ್ರಸಾದ ಆಗಿ ಹೋಗಬೇಕು."

ಮಾತಿನಲ್ಲಿ ವಾತ್ಸಲ್ಯವಿತ್ತು, ದೀಪಾಲಿ ತಲೆಯಾಡಿಸಿದಳು. ಅಜೀಮ್ ಮಾತ್ರ ಕಂಪ್ಯೂಟರಿನ ಗುಂಡಿಯ ಮೇಲಿಂದ ಬೆರಳನ್ನು ಒಲ್ಲದ ಮನಸ್ಸಿನಿಂದ ತೆಗೆದ.

ಆಷಾಢ ಕಳೆಯಲು ಇನ್ನೂ ಕೆಲವು ದಿನ ಉಳಿದಿರುವಾಗಲೇ ಅದೇ ಕಲ್ಲಿನ ಮೇಲೆ ದೂರದ ಪ್ರಾಧ್ಯಾಪಕರೊಬ್ಬರ ಲೇಖನ ಅಚ್ಚಾಯಿತು. ಅವರು ಕದ್ದವರಲ್ಲ. ಬೇಸಗೆಯಲ್ಲಿ ಆ ಸೀಮೆಯ ಊರೂರು ತಿರುಗುವಾಗ ಪಂಡರಿಯ ಹಟ್ಟಿಗೂ ಬಂದು, ದೀಪಾಲಿಯ ತಾಯಿ ಧೂಳಮ್ಮ ಕೊಟ್ಟ ಮಜ್ಜಿಗೆ ಕುಡಿದು, ಕಲ್ಲಿನ ಚಿತ್ರ ತೆಗೆದುಕೊಂಡು ಹೋಗಿದ್ದರು. ಅವರ ಓದು ಒರಟಾಗಿತ್ತು, ಎರಡು ಸಾಲುಗಳನ್ನು ಬಿಟ್ಟೇ ಬಿಟ್ಟಿದ್ದರು. ಆದರೆ ಮೊದಲು ಬಂದದ್ದು ಅವರದು. ಶ್ರಾವಣದ ಮೊದಲ ಸೋಮವಾರ ದೀಪಾಲಿಯ ಬರಹ ಪತ್ರೆ ಹೂಗಳ ನಡುವೆ ಗದ್ದುಗೆಯನ್ನು ಸೇರಿತು. ಮಂಗಳವಾರ ಲೋಕವನ್ನು ಸೇರಿತು. ಸಂದರ್ಶನದಲ್ಲಿ ಸಮಿತಿಯವರು ಎರಡು ಲೇಖನಗಳ ದಿನಾಂಕಗಳನ್ನು ಅಕ್ಕಪಕ್ಕ ಇಟ್ಟು, ಆಗಿಹೋದ ಕೆಲಸವನ್ನು ಮತ್ತೆ ಮಾಡಿದ್ದೀಯಲ್ಲ ಎಂದರಂತೆ. ಬರಹದ ಕೆಳಗೆ ಆ ಪ್ರಾಧ್ಯಾಪಕರ ಹೆಸರನ್ನಾದರೂ ಕಾಣಿಸಬಾರದಿತ್ತೇ ಎಂದು ಒಬ್ಬರು ನಕ್ಕರಂತೆ.

ದೀಪಾಲಿ ಅಲ್ಲಿಂದ ನೇರವಾಗಿ ಕಲ್ಯಾಣಕ್ಕೆ ಬಂದಳು. ಮಹಾರುದ್ರಪ್ಪನವರ ಹೆಂಡತಿ ಸೂಗಮ್ಮ ಅವಳನ್ನು ಒಳಗೆ ಕರೆದು ಕೂರಿಸಿ ಚಹಾ ತಂದಿಟ್ಟಳು.

"ಸರ, ಒಂದ ಸಾಲ ಸಾಕ್ರಿ," ಎಂದಳು ದೀಪಾಲಿ. "'ಈ ಲೇಖನ ಇಂಥಾ ದಿನ ಕೈ ಸೇರಿತು' ಅಂತ ತಲಿ ಮ್ಯಾಲೆ ಹಾಕ್ರಿ. ಅವರದು ಅಚ್ಚಾಗೋಕಿಂತ ಮೊದಲ ನಾ ಕೊಟ್ಟೀನಿ. ಎಲ್ಲಾ ಪತ್ರಿಕ್ಯಾಗ ಹಾಕ್ತಾರಂತ, ಅಜೀಮ್ ಸರ್ ಹೇಳಿದ್ರು. ಅದನ್ನ ತೋರಸಿದ್ರ ಸಮಿತಿಯವರು ಇನ್ನೊಮ್ಮಿ ನೋಡ್ತೀವಿ ಅಂದಾರ."

ಆ ಒಂದು ಸಾಲನ್ನು ಬರೆಯುವುದು ಮಹಾರುದ್ರಪ್ಪನವರಿಗೆ ಎಷ್ಟರ ಮಾತು? ಆದರೆ ಬರೆದರೆ, ಆ ದಿನಕ್ಕೂ ಬಿಡುಗಡೆಯ ದಿನಕ್ಕೂ ನಡುವಿನ ಬಯಲನ್ನು ಎಲ್ಲರೂ ನೋಡುವರು. ಇದೇಕೆ ಎಂದು ಕೇಳುವರು. ತಮ್ಮ ನೇಮವನ್ನು ಕಂಡವರ ಕೈಯಲ್ಲಿ ತೂಗಿಸಿದಂತಾಗುವುದು. ಅವರು ಇದನ್ನು ಹೀಗೆಂದು ಆಗ ತಿಳಿದಿರಲಿಲ್ಲ. ಶಾಸ್ತ್ರವೇ ತಮ್ಮ ಬಾಯಿಂದ ಆಡುತ್ತಿದೆ ಎಂದುಕೊಂಡರು.

"ಅರ್ಪಿಸೋ ಮೊದಲ ಅದು ಬರಹ ಅಲ್ಲವ್ವಾ. ಒಲಿ ಮ್ಯಾಲಿನ ಅನ್ನಕ್ಕ ಪ್ರಸಾದ ಅಂತಾರೇನು? ಅರ್ಪಿಸಿದ ದಿನಾನೇ ಅದರ ಹುಟ್ಟಿದ ದಿನ. ಒಬ್ಬರ ಸಲುವಾಗಿ ನೇಮ ಮುರಿದ್ರ ನಾಳಿ ಎಲ್ಲಾರೂ ಕೇಳ್ತಾರ."

"ಹೌದ್ರಿ," ಎಂದಳು ದೀಪಾಲಿ. ಅಷ್ಟೇ ಅಂದು ಎದ್ದಳು.

ಅವಳು ಅಂಗಳ ದಾಟಿದ ಮೇಲೆ ಸೂಗಮ್ಮ ಬಟ್ಟಲನ್ನು ಎತ್ತಿಕೊಂಡಳು. "ಹುಡಿಗಿ ಚಹಾ ಮುಟ್ಟಲಿಲ್ಲ ನೋಡ್ರಿ."

ಮಹಾರುದ್ರಪ್ಪನವರು ಕೈಗೆ ಸಿಕ್ಕ ಪುಸ್ತಕವೊಂದನ್ನು ತೆರೆದರು.

ಕಾಲವೆಂಬುದು ತೂತು ಬಿದ್ದ ಚೀಲದೊಳಗಿನ ಜೋಳ. ನಡೆಯುವವನಿಗೆ ಸೋರುವುದು ತಿಳಿಯದು. 'ಶಿಲಾಪ್ರಸಾದ' ಮುಂದೆ ಕೆಲವು ವರ್ಷ ನಡೆದು ನಿಂತಿತು. ಅದಕ್ಕೆ ಪುಕ್ಕಟೆಯಾಗಿ ಜಾಗ ಕೊಟ್ಟಿದ್ದ ದೂರದ ಸಂಸ್ಥೆ ಒಂದು ದಿನ ಹೇಳದೆ ಕೇಳದೆ ಬಾಗಿಲು ಹಾಕಿತು. ಮಹಾರುದ್ರಪ್ಪನವರು ನಿವೃತ್ತರಾದರು. ಇವರಿಬ್ಬರು ಹುಮನಾಬಾದಿನ ಮೂಲೆಯಲ್ಲಿ ತಡಕಾಡಿ ಮಾಡಿದ್ದನ್ನು ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ನೀತಿಯೆಂದು ಒಪ್ಪಿಕೊಂಡವು. ಎಲ್ಲಿ ನೋಡಿದರೂ ಬಾಗಿಲಿಲ್ಲದ ಬರಹಗಳು. ಹಾಗೆ ಸಿಕ್ಕ ಬರಹಗಳನ್ನು ಮಹಾರುದ್ರಪ್ಪನವರು ಮೊಮ್ಮಗಳು ಕೊಡಿಸಿದ ಫೋನಿನಲ್ಲಿ ದೊಡ್ಡಕ್ಷರ ಮಾಡಿಕೊಂಡು ಓದುವರು. ಘಾಟಬೋರಾಳದ ಕಲ್ಲಿನ ಪ್ರಸ್ತಾಪ ಎಷ್ಟೋ ಕಡೆ ಬರುತ್ತಿತ್ತು. ಪ್ರತಿಯೊಂದರಲ್ಲೂ ಆ ಪ್ರಾಧ್ಯಾಪಕರ ಹೆಸರು. ಪ್ರತಿಯೊಂದರಲ್ಲೂ ಆ ಎರಡು ಸಾಲುಗಳು ಖಾಲಿ. ಓದುತ್ತ ಓದುತ್ತ ಅವರ ನೇಮದ ಗಟ್ಟಿತನ ಸುಣ್ಣದ ಕಲ್ಲಿಗೆ ನೀರು ಬಿದ್ದಂತೆ ಒಳಗೊಳಗೇ ಕುದಿದು ಪುಡಿಯಾಯಿತು. ದೀಪಾಲಿ ಒಂದು ಸಾಲು ಕೇಳಿದ್ದಳು. ಅದನ್ನು ಕೊಡಲಿಲ್ಲ.

ಕಳೆದ ವರ್ಷ ಅಜೀಮ್ ಮನೆಗೆ ಬಂದ. ಅವನ ಗಡ್ಡವೂ ಈಗ ಅರ್ಧ ನೆರೆತಿತ್ತು.

"ಸರ, ಹಳೇ ಸಿ.ಡಿ. ಎಲ್ಲಾ ಹುಡಕಿ ನಮ್ಮ ಸಂಚಿಕಿ ತಗದೀನಿ. ಈಗ ಒಂದ ಭಂಡಾರ ಅದ್ರಿ, ಜಗತ್ತಿನ ನಾಲ್ಕ ಕಡೆ ಅದರ ಪ್ರತಿ ಇಡ್ತಾರ, ಒಂದ ಬಾಗಲಾ ಹಾಕಿದ್ರೂ ಇನ್ನೊಂದ ತೆರದಿರ್ತದ. ಅದರಾಗ ಇಡೋಣಂತ. ಬರಹ ಬಂದ ದಿನಾನೂ ಕೇಳ್ತಾರ ಅಲ್ಲಿ. ನನ್ನ ಕಡೆ ಎಲ್ಲಾ ಅವ. ಹಾಕಲೇನ್ರಿ?"

"ಹಾಕು."

ಅಜೀಮ್ ದನಿ ತಗ್ಗಿಸಿದ. "ದೀಪಾಲಿದು?"

"ಅಕಿನ್ನ ಕೇಳಿ ಹಾಕೋಣ. ಎಲ್ಲಿದ್ದಾಳ ಈಗ?"

"ನಿರ್ಣಾದಾಗ ಸಾಲಿ ಟೀಚರ್ ಇದ್ದಾಳ. ಫೋನ್ ಮಾಡಲೇನ್ರಿ?"

"ಬ್ಯಾಡ. ನಾನೇ ಬರ್ತೀನಿ. ಮನ್ಯಾಗ ಕುಂತು ಕೇಳೋ ಮಾತಲ್ಲ ಇದು."

ಅಜೀಮನ ಕಾರಿನಲ್ಲಿ ಇಬ್ಬರೂ ಹೊರಟರು. ನಿರ್ಣಾದ ಶಾಲೆಯಲ್ಲಿ ಮಧ್ಯಾಹ್ನದ ಊಟದ ಹೊತ್ತು. ತಟ್ಟೆ ತೊಳೆಯುವ ನಲ್ಲಿಯ ಸುತ್ತ ಮಕ್ಕಳ ಗದ್ದಲ. ಬೇವಿನ ನೆರಳಿನಲ್ಲಿ ಕುರ್ಚಿ ಹಾಕಿಸಿ ದೀಪಾಲಿ ಗುರುಗಳ ಕಾಲು ಮುಟ್ಟಿದಳು. ಮೈ ತುಂಬಿಕೊಂಡಿದ್ದಳು, ಕನ್ನಡಕ ಬಂದಿತ್ತು, ಕೈಯಲ್ಲಿ ಸೀಮೆಸುಣ್ಣದ ಪುಡಿ ಹತ್ತಿತ್ತು.

"ಎಷ್ಟ ಸೊರಗೀರಿ ಸರ! ಹಿಂಗ ಬಿಸಲಾಗ ಬರಬಾರದಿತ್ತ್ರಿ. ಅಜೀಮ್ ಸರ್, ನೀವರ ಹೇಳಬಾರದೇನ್ರಿ?"

"ಇವರು ಯಾರ ಮಾತ ಕೇಳ್ಯಾರವ್ವಾ ಇಲ್ಲಿತನ?" ಎಂದ ಅಜೀಮ್. ಮೂವರೂ ನಕ್ಕರು, ಮಹಾರುದ್ರಪ್ಪನವರ ನಗು ನಡುವೆಯೇ ನಿಂತಿತು.

ಬಂದ ಕಾರಣವನ್ನು ಅವರು ಸುತ್ತು ಹಾಕದೆ ಹೇಳಿದರು. ನೀನು ಕೇಳಿದ ಸಾಲನ್ನು ಈಗ ಹಾಕುತ್ತೇನೆ, ಅಪ್ಪಣೆ ಕೊಡು ಎಂದರು. ದೀಪಾಲಿ ಸೆರಗಿನಿಂದ ಬೆರಳುಗಳನ್ನು ಒರೆಸಿಕೊಂಡಳು.

"ಹಾಕ್ರಿ. ಖರೆ ದಿನ ಅಲ್ಲೇನ್ರಿ ಅದು? ಆದ್ರ ಅವತ್ತ ಅದು ನನಗ ಹಾದಿ ಆಗ್ತಿತ್ತು. ಈಗ ಬರೇ ತಾರೀಖ."

ಅವಳು ನಲ್ಲಿಯ ಬಳಿಯ ಮಕ್ಕಳತ್ತ ಒಮ್ಮೆ ನೋಡಿದಳು. ಬಳಿಕ, "ಒಂದ ಮಾತ ಕೇಳ್ತೀನಿ ಸರ, ಸಿಟ್ಟಾಗಬ್ಯಾಡ್ರಿ. ಭಾಳ ವರ್ಷದಿಂದ ಮನಸ್ಸಿನ್ಯಾಗ ಅದ," ಎಂದಳು.

"ಕೇಳವ್ವಾ."

"ನಿಮ್ಮ ಕೊರಳಾಗ ಲಿಂಗ ಅದ. ಗುಡಿಗಿ ಹೋಗಬೇಕಾಗಿಲ್ಲ, ತಿಥಿ ನೋಡಬೇಕಾಗಿಲ್ಲ, ದೇವರನ್ನ ಮೈಮ್ಯಾಲೆ ಇಟಗೊಂಡಾವರು ಶರಣರು ಅಂತ ನೀವೇ ಪಾಠ ಹೇಳಿದ್ರಿ. ನನ್ನಂಥ ಕುರಿಗಾರರ ಹುಡಿಗಿಗೆ ಅದನ್ನ ಕೇಳಿ ಎಷ್ಟ ಧೈರ್ಯ ಬಂದಿತ್ತು ಗೊತ್ತೇನ್ರಿ? ಅವತ್ತೇ ನನ್ನ ಕಾಗದ ಅಂಗೈ ಲಿಂಗಕ್ಕ ತೋರಸಿ, ಅರ್ಪಿತ ಆಯ್ತು ಅಂದಿದ್ರ ನಡೀತಿರಲಿಲ್ಲೇನ್ರಿ?"

ಮಹಾರುದ್ರಪ್ಪನವರ ಕೈ ತಾನಾಗಿಯೇ ಎದೆಗೆ ಹೋಯಿತು. ಅಂಗಿಯೊಳಗೆ, ಬೆವರಿಗೆ ಬೆಚ್ಚಗಾಗಿ, ಅದು ಎಂದಿನಂತೆ ಇತ್ತು. ಎಷ್ಟು ತಲೆಮಾರಿನ ವಿದ್ಯಾರ್ಥಿಗಳಿಗೆ ಅವರು ಇದನ್ನೇ ಕಂಠ ಬಿರಿಯುವಂತೆ ಹೇಳಿರಲಿಲ್ಲ? ಅರ್ಪಿಸುವುದೆಂದರೆ ಕೊಟ್ಟುಬಿಡುವುದು, ತಾವು ಅರ್ಪಣೆಯ ಹೆಸರಿನಲ್ಲಿ ಹಿಡಿದಿಟ್ಟುಕೊಂಡಿದ್ದರು.

"ನಡೀತಿತ್ತವ್ವಾ," ಎಂದರು. ದನಿ ಅವರಿಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದರು: "ನಡೀತಿತ್ತು."

ಅಜೀಮ್ ಲ್ಯಾಪ್‌ಟಾಪು ತೆರೆದು ಲೇಖನವನ್ನು ತೋರಿಸಿದ. ಪಡಿಯಚ್ಚಿನ ಚಿತ್ರ ತೆರೆಯ ತುಂಬ ಹರಡಿತು. ದೀಪಾಲಿ ಬಗ್ಗಿ ನೋಡಿದಳು. "ಅವ್ವ ಇನ್ನೂ ಈ ಕಲ್ಲಿಗಿ ಉಪ್ಪ ಸುರೀತಾಳ್ರಿ," ಎಂದು ನಕ್ಕಳು.

"ಓದವ್ವಾ," ಎಂದರು ಮಹಾರುದ್ರಪ್ಪನವರು. ಕಾಲೇಜಿನ ಕೋಣೆಯಲ್ಲಿ ಅವಳ ಓದನ್ನು ಕಣ್ಣುಮುಚ್ಚಿ ಕೇಳುತ್ತಿದ್ದ ದಿನಗಳು ನೆನಪಾದವು. ಪ್ರಾಧ್ಯಾಪಕರು ಬಿಟ್ಟ ಆ ಎರಡು ಸಾಲುಗಳನ್ನು ಅವಳ ದನಿಯಲ್ಲಿ ಮತ್ತೊಮ್ಮೆ ಕೇಳಬೇಕಿತ್ತು.

ಅವಳು ಬೆರಳಿಟ್ಟು ಮೊದಲ ಸಾಲನ್ನು ಸರಾಗವಾಗಿ ಓದಿದಳು. ಎರಡನೆಯದರಲ್ಲಿ ತಡೆದಳು, ಮುಂದುವರಿದಳು. ಮೂರನೆಯ ಸಾಲಿನ ನಡುವೆ ಬೆರಳು ನಿಂತಿತು. ಕನ್ನಡಕವನ್ನು ಮೇಲೆ ಸರಿಸಿದಳು, ಮುಖವನ್ನು ತೆರೆಯ ಹತ್ತಿರ ತಂದಳು. ಬೆರಳು ಹಿಂದಕ್ಕೆ ಹೋಗಿ ಮತ್ತೆ ಅಲ್ಲಿಗೇ ಬಂದು ನಿಂತಿತು.

"ಬರವಲ್ದ್ರಿ ಸರ."

"ನೀನೇ ಬಿಡಿಸಿದ ಸಾಲು ಅದು."

"ಖರೆ, ನಾನೇ ಬಿಡಿಸೀನಿ. ಆದ್ರ ಮರತದ್ರಿ." ಅವಳು ಬೆರಳನ್ನು ತೆಗೆದಳು. "ಅವತ್ತಿನಿಂದ ಒಂದ ಕಲ್ಲೂ ಓದಿಲ್ಲ ನಾನು."

ಗಂಟೆ ಹೊಡೆಯಿತು. ಮಕ್ಕಳು ಒಳಗೆ ಓಡಿದರು. ದೀಪಾಲಿ ಮತ್ತೊಮ್ಮೆ ಗುರುಗಳ ಕಾಲು ಮುಟ್ಟಿ, ಚಹಾ ಕುಡಿಯದೆ ಹೋಗಬೇಡಿರೆಂದು ಹೇಳಿ, ಚಹಾ ಇಡಲು ಅಡಿಗೆಯವಳಿಗೆ ಕೂಗಿ, ತರಗತಿಗೆ ಹೋದಳು. ಅಜೀಮ್ ಲೇಖನದ ತಲೆಯ ಮೇಲೆ, ಅದು ಕೈ ಸೇರಿದ ಆಷಾಢದ ದಿನವನ್ನು ಬರೆದು ಮಹಾರುದ್ರಪ್ಪನವರ ಮುಖ ನೋಡಿದ. ಅವರು ತಲೆಯಾಡಿಸಿದರು. ಅವನು ಬೆರಳು ಒತ್ತಿದ.

"ಎಷ್ಟ ಹೊತ್ತು ಹಿಡಿತದೋ?"

"ಹೊತ್ತೇನ್ರಿ ಸರ," ಎಂದ ಅಜೀಮ್ ಮೆಲ್ಲನೆ. "ಹೋಯ್ತು."

ಕಲ್ಯಾಣ ಮುಟ್ಟುವವರೆಗೆ ಕಿಟಕಿಯಾಚೆ ಹೊಲಗಳು ಸರಿದವು. ಮಹಾರುದ್ರಪ್ಪನವರ ತುಟಿಯಲ್ಲಿ ಯಾವ ಬಿರುದಾವಳಿಯೂ ಸರಿಯಲಿಲ್ಲ.

ಈ ಕಥೆಯನ್ನು ಕೇಳಿದವರ ಕೈಗೆ ಬಂದ ಒಳಿತು ಬಂದ ಗಳಿಗೆಯಲ್ಲೇ ಮುಂದಿನವರ ಕೈ ಸೇರಲಿ. ಕಲಿಸುವವರಿಗೆ ಕಲಿಸಿದಂತೆ ನಡೆಯುವ ಬಲ ಬರಲಿ. ಕಲಿಯುವವರು ಬಾಗಿಲಲ್ಲಿ ಕಾಯದಿರಲಿ. ಓದಿದವರಿಗೆ ಓದು ಮರೆಯದಿರಲಿ, ಮರೆತವರಿಗೆ ಮರಳಿ ಬರಲಿ. ಕೇಳಿದ ಸರ್ವರಿಗೂ ಪರಶಿವನು ಶುಭವನ್ನೇ ಮಾಡಲಿ.